ರಿಮಾರ್ಕ್ಸ್ ಕಾಲಂಗೆ ಹೋದ ಎಚ್ಚರಿಕೆ

ಕೋವಿಡ್ ಮುಗಿದ ಮರುವರ್ಷ ನಾನು ಒಮಾನ್ ದೇಶದ ಸಲಾಲಾದ ಒಂದು ಖಾಸಗಿ ಸಂಶೋಧನಾ ಕಚೇರಿಯಲ್ಲಿ ಡೇಟಾ ಮ್ಯಾನೇಜರ್ ಆಗಿದ್ದೆ. ಧೂಪಕ್ಕೆ ಹಾಕುವ ಇಲ್ಲಿನ ಲೋಬಾನ ಶತಮಾನಗಳ ಹಿಂದೆಯೇ ಹಡಗು ಹತ್ತಿ ಚೀನಾದ ವೈದ್ಯರ ಕೈ ಸೇರಿತ್ತು. ಅದನ್ನು ಬಳಸಿದ ಹಳೆಯ ಚೀನೀ ಮದ್ದುಗಳ ವಿಧಾನಗಳನ್ನು ಇಂಗ್ಲಿಷಿಗೆ ತಂದು, ಯಾರು ಬೇಕಾದರೂ ಹುಡುಕಬಹುದಾದ ಡೇಟಾಬೇಸ್ ಮಾಡುವುದು ನಮ್ಮ ಕೆಲಸ. ನನಗೆ ಚೀನೀ ಭಾಷೆಯ ಗಂಧಗಾಳಿಯೂ ಗೊತ್ತಿರಲಿಲ್ಲ. ಓದಿ ಅನುವಾದಿಸುತ್ತಿದ್ದವರು ಮೇಯ್ ಎಂಬ ಚೀನೀ ಸಂಶೋಧಕಿ.

"ಕೆಲವು ಮದ್ದುಗಳ ಕೊನೆಗೆ ಸಣ್ಣಕ್ಷರದಲ್ಲಿ ಎಚ್ಚರಿಕೆ ಇದೆ, ಎಲ್ಲಿ ಹಾಕಲಿ?" ಎಂದು ಅವರು ಒಮ್ಮೆ ವಿಡಿಯೊ ಕಾಲ್‌ನಲ್ಲಿ ಕೇಳಿದರು. ಹೊಸ ಕಾಲಂ ಸೇರಿಸಿದರೆ ಮುಗಿದ ಕೆಲಸವನ್ನೆಲ್ಲ ಮತ್ತೆ ತೆರೆಯಬೇಕಿತ್ತು. ನನಗೆ ಸೋಮಾರಿತನ. "ರಿಮಾರ್ಕ್ಸ್‌ನಲ್ಲಿ ಹಾಕಿ" ಎಂದೆ. ರಿಮಾರ್ಕ್ಸ್ ಎಂದರೆ 'ಪುಟ ಮಸುಕು', 'ಮತ್ತೆ ನೋಡಿ' ಎಂದು ನಾವು ನಾವೇ ಬರೆದುಕೊಳ್ಳುವ ಜಾಗ. ವೆಬ್‌ಸೈಟಿಗೆ ಏರಿಸುವಾಗ ಅದನ್ನು ಬಿಟ್ಟುಬಿಡುವುದು ಕಚೇರಿಯ ರೂಢಿ. ಈ ಸಲವೂ ಯೋಚಿಸದೆ ಬಿಟ್ಟೆ.

ನಮ್ಮ ರಿಸೆಪ್ಷನ್‌ನಲ್ಲಿದ್ದ ಉಡುಪಿಯ ಜೆಸಿಂತಾ ಆಗ ಐದು ತಿಂಗಳ ಗರ್ಭಿಣಿ. ಮೊಣಕಾಲು ನೋವೆಂದು ನಮ್ಮದೇ ವೆಬ್‌ಸೈಟ್ ನೋಡಿ, ಲೋಬಾನದ ಒಂದು ಕಷಾಯ ಮಾಡಿಕೊಂಡು ವಾರವಿಡೀ ಕುಡಿದಳು. ಮಗು ಉಳಿಯಲಿಲ್ಲ. ಕಷಾಯವೇ ಕಾರಣ ಎನ್ನಲಾಗದು, ಅಲ್ಲವೆಂದೂ ಹೇಳಲಾಗದು ಎಂದರು ಡಾಕ್ಟರ್.

ನಾನು ಫೈಲ್ ತೆರೆದೆ. ಆ ಕಷಾಯದ ಎದುರು, ರಿಮಾರ್ಕ್ಸ್‌ನಲ್ಲಿ, ಮೇಯ್ ಬರೆದಿದ್ದರು: ಗರ್ಭಿಣಿಯರಿಗೆ ಕೊಡಬಾರದು.

ಮಂಗಳೂರಿನವರೇ ಆದ ನಮ್ಮ ಡೈರೆಕ್ಟರ್‌ಗೆ ತೋರಿಸಿದೆ. "ಕಷಾಯದಿಂದಲೇ ಅಂತ ಡಾಕ್ಟರೇ ಹೇಳ್ಲಿಲ್ಲ, ನೀವು ಯಾಕೆ ಮಾರಾಯ್ರೇ ತಲೆ ಮೇಲೆ ಎಳ್ಕೊಳ್ಳುದು? ಆ ಸಾಲು ಇವತ್ತೇ ಸೇರ್ಸಿ. ಖಲಾಸ್" ಎಂದರು. ಸೇರಿಸಿದೆ. ಎಚ್ಚರಿಕೆ ಇದ್ದ ಎಲ್ಲ ಮದ್ದುಗಳಿಗೂ ಸೇರಿಸಲು ಒಂದು ಮಧ್ಯಾಹ್ನ ಸಾಕಾಯಿತು. ಅಷ್ಟೇ ಅಷ್ಟು ಕೆಲಸಕ್ಕೆ ನಾನು ಸೋಮಾರಿಯಾಗಿದ್ದೆ.

ರಜೆ ಮುಗಿಸಿ ಬಂದ ಜೆಸಿಂತಾ ನನ್ನ ಮೇಜಿನ ಬಳಿ ನಿಂತಳು.

"ಸರ್, ಈಗ ಅದ್ರಲ್ಲಿ ಗರ್ಭಿಣಿಯರಿಗೆ ಬೇಡ ಅಂತ ಉಂಟು. ನಾನು ನೋಡುವಾಗ್ಲೂ ಇತ್ತಾ? ನಾನೇ ಸರಿ ಓದ್ಲಿಲ್ವಾ?"

"ಇದ್ದಿರಬೇಕು" ಎಂದೆ.

ಅವಳು ತಲೆಯಾಡಿಸಿದಳು, ಜಗಳವಾಡಲಿಲ್ಲ. ಎರಡು ತಿಂಗಳ ನಂತರ ಕೆಲಸ ಬಿಟ್ಟು ಊರಿಗೆ ಹೋದಳು.

ಎಚ್ಚರಿಕೆಗೆ ಮದ್ದಿನಷ್ಟೇ ದೊಡ್ಡ ಜಾಗ ಕೊಡಬೇಕು ಎಂಬುದು ಈ ವೃತ್ತಿ ನನಗೆ ಕಲಿಸಿದ ಪಾಠ. ಹೊಸಬರಿಗೆಲ್ಲ ಹೇಳಿಕೊಡುತ್ತೇನೆ, ಅವರು ಶ್ರದ್ಧೆಯಿಂದ ಬರೆದುಕೊಳ್ಳುತ್ತಾರೆ. ಸರಿಯಾಗಿ ಓದದೆ ಮಗುವನ್ನು ಕಳೆದುಕೊಂಡೆನೆಂದು ನಂಬಿಕೊಂಡಿರುವ ಜೆಸಿಂತಾಗೆ ಮಾತ್ರ ನಾನು ಇನ್ನೂ ಫೋನ್ ಮಾಡಿಲ್ಲ.