ಅಣ್ಣ ನನ್ನ ಸೊನಾಟಾದ ತನಿಖೆಗೆ ಬಂದದ್ದು

"ಸೊನಾಟಾ ಯಾರು? ಯಾ ಊರಾಂವ?"

ಹೋದ ತಿಂಗಳ ಒಂದು ಭಾನುವಾರ ಬೆಳಿಗ್ಗೆ ನಮ್ಮಣ್ಣ ಮನೆಯೊಳಗೆ ಕಾಲಿಡುತ್ತಲೇ ಕೇಳಿದ ಪ್ರಶ್ನೆ ಇದು.

ಸೇಡಂ ತಾಲ್ಲೂಕಿನ ನಮ್ಮೂರು ಮುಧೋಳದಿಂದ ಸೇಡಂಗೆ ಬಂದು, ಅಲ್ಲಿ ಬಸ್ಸು ಬದಲಿಸಿ, ಚಂದಾಪುರದ ನನ್ನ ಬಾಡಿಗೆ ಮನೆ ತಲುಪಿದ್ದ. ಜೊತೆಗೆ ಅವನ ಹೆಂಡತಿ, ನಮ್ಮ ವೈನಿ. ಮುಂದಿಟ್ಟ ಚಹಾ ಮುಟ್ಟಲಿಲ್ಲ. ನಮ್ಮ ಕಡೆ ಬಂದವರು ಚಹಾ ಮುಟ್ಟಲಿಲ್ಲವೆಂದರೆ ವಿಷಯ ಕೋರ್ಟಿನ ಮಟ್ಟಕ್ಕೆ ಹೋಗಿದೆ ಎಂದೇ ಅರ್ಥ.

ನಾನು ನಕ್ಕೆ. ಅದೇ ತಪ್ಪಾಯಿತು.

"ನಗಬ್ಯಾಡ ಶೈಲಾ. ಐವತ್ತಕ್ಕ ಬಂದೀದಿ. ಎಂಟು ತಿಂಗಳಿಂದ ಯಾರಿಗೋ ರೊಮ್ಯಾಂಟಿಕ್ ಅಂತ ಏನೋ ಬರ್ಯಾಕತ್ತೀಯಂತ. ಊರಾಗ ಮಂದಿ ಮಾತಾಡ್ಲಿಕತ್ತಾರ. ಖರೇ ಏನು?"

ಖರೇ. ಎಂಟು ತಿಂಗಳಿಂದ ಬರೆಯುತ್ತಿದ್ದೆ. ಆದರೆ ಯಾರಿಗೂ ಅಲ್ಲ.

ಅಪ್ಪ ಶಹಾಬಾದಿನಲ್ಲಿ ನೌಕರಿಯಲ್ಲಿದ್ದಾಗ, ನಮ್ಮ ಓಣಿಯ ಒಬ್ಬ ಟೀಚರ್ ನನಗೆ ಏಳು ವರ್ಷ ಪಿಯಾನೊ ಕಲಿಸಿದ್ದರು. ಆಮೇಲೆ ಎಂ.ಎಸ್ಸಿ., ಕಾಲೇಜಿನ ಕೆಲಸ, ಕೆಮಿಸ್ಟ್ರಿ ಪೇಪರುಗಳ ಗುಡ್ಡ. ಬೆರಳು ತುಕ್ಕು ಹಿಡಿದವು. ಮೂರು ವರ್ಷದ ಹಿಂದೆ ಕರೆಂಟಿನ ಪಿಯಾನೊ ಒಂದನ್ನು ತರಿಸಿದೆ. (ಮನೆಗೆ ಬಂದವರು ಅದರ ಮೇಲೆ ಹೆಲ್ಮೆಟ್ ಇಡುತ್ತಾರೆ.) ಅದರ ಮುಂದೆ ಕೂತು ಕೂತು ಕೊನೆಗೊಮ್ಮೆ ಹುಚ್ಚು ಹತ್ತಿತು: ನನ್ನದೇ ಒಂದು ಸೊನಾಟಾ ಬರೆಯಬೇಕು!

ಸೊನಾಟಾ ಎಂದರೆ ಮಾತಿಲ್ಲದ, ಮೂರು ಭಾಗಗಳ ದೊಡ್ಡ ಬಂದಿಶ್ ಅನ್ನಿ. ರೊಮ್ಯಾಂಟಿಕ್ ಎಂದರೆ ಇನ್ನೂರು ವರ್ಷದ ಹಿಂದೆ ಯುರೋಪಿನವರು ಎದೆ ಬಿಚ್ಚಿ ಬರೆಯುತ್ತಿದ್ದ ಶೈಲಿ. ಸಿಟ್ಟು ಬಂದರೆ ಗುಡುಗು, ಅಳು ಬಂದರೆ ಅಳು. ಮುಚ್ಚುಮರೆ ಇಲ್ಲ. ಈಗ ಯಾರೂ ಹಾಗೆ ಬರೆಯುವುದಿಲ್ಲವಂತೆ. ಅದು ನನಗೆ ಸಂಬಂಧಿಸಿದ್ದಲ್ಲ. ಈಗ ಯಾರೂ ಲ್ಯಾಬ್ ರೆಕಾರ್ಡ್ ಬುಕ್ಕಿನ ಖಾಲಿ ಪುಟಗಳಲ್ಲಿ ಸ್ಕೇಲಿಟ್ಟು ಐದೈದು ಗೆರೆ ಎಳೆದು ಸ್ವರ ಬರೆಯುವುದೂ ಇಲ್ಲ. ನಾನು ಬರೆದೆ.

ಸ್ಟಾಫ್ ರೂಮಿನಲ್ಲಿ ಫಿಸಿಕ್ಸ್ ಮೇಷ್ಟ್ರು ಇಣುಕಿ, "ಏನ್ ಬರೀಲಿಕತ್ತೀರಿ ಮೇಡಂ?" ಎಂದರು. "ರೊಮ್ಯಾಂಟಿಕ್ ಸೊನಾಟಾ" ಎಂದೆ. ಅವರ ಹೆಂಡತಿಯ ತವರು ಮುಧೋಳ. ಮಿಕ್ಕದ್ದನ್ನು ನೀವೇ ಊಹಿಸಿ.

"ಅಣ್ಣ, ಅದು ಮನಷ್ಯಾ ಅಲ್ಲ. ಸಂಗೀತ."

"ಹಂಗಾರ ಬಾರ್ಸು. ನಾ ಕೇಳಿ ಹೇಳ್ತೀನಿ."

ನನ್ನ ಸೊನಾಟಾದ ಮೊದಲ ಪ್ರಯೋಗ! ಶ್ರೋತೃಗಳು ಇಬ್ಬರು. ಒಬ್ಬರು ಜಡ್ಜ್. ಇನ್ನೊಬ್ಬರು ಜಡ್ಜ್ ಸಾಹೇಬರ ಹೆಂಡತಿ. ಸ್ಟೂಲು ಎಳೆದು ಕೂತೆ.

ಮೊದಲ ಭಾಗ ಬಿರುಗಾಳಿ. ಎಡಗೈಯಲ್ಲಿ ಗುಡುಗು, ಬಲಗೈಯಲ್ಲಿ ಮಿಂಚು. ಒಂಬತ್ತು ನಿಮಿಷ ಬೆವರಿಳಿಸಿ ಮುಗಿಸಿ ತಿರುಗಿದರೆ ಅಣ್ಣ ಕೇಳಿದ:

"ಹಾಡು ಯಾವಾಗ ಸುರು ಆಗ್ತದ?"

ಎರಡನೆಯ ಭಾಗ ನಿಧಾನದ್ದು. ಅದರ ಬಗ್ಗೆ ನನಗೇ ಭರವಸೆ ಇರಲಿಲ್ಲ. ಅದರಲ್ಲೊಂದು ಸಣ್ಣ ಧಾಟಿ ತನ್ನ ಮನೆಯ, ಅಂದರೆ ಮೂಲ ಸ್ವರದ, ಬಾಗಿಲವರೆಗೂ ಬರುತ್ತದೆ, ಒಳಗೆ ಬಾರದೆ ತಿರುಗಿ ಹೋಗುತ್ತದೆ. ಮೂರು ಸಲ ಹಾಗೆ. ನಾಲ್ಕನೆಯ ಸಲವಾದರೂ ಒಳಗೆ ತರಬೇಕೇ ಎಂದು ಎರಡು ತಿಂಗಳು ಒದ್ದಾಡಿ, ಕೊನೆಗೆ ಹೊರಗೇ ಬಿಟ್ಟಿದ್ದೆ. ಇದು ಬರೀ ಗೋಳು, ಹರಿದು ಹಾಕುವುದೇ ವಾಸಿ ಎಂದೂ ಅನ್ನಿಸಿತ್ತು. ನುಡಿಸಿದೆ. ಅಣ್ಣ ಆಕಳಿಸಿದ್ದು ಕೇಳಿಸಿತು. ಮೂರನೆಯ ಭಾಗದ ಹೊತ್ತಿಗೆ ಆರಿದ ಚಹಾವನ್ನೂ ಕುಡಿದು ಮುಗಿಸಿದ್ದ. ಅಂದರೆ, ಖುಲಾಸೆ!

"ಇದ್ರಾಗ ಏನೂ ಇಲ್ಲಲ್ಲ! ಮಾತೇ ಇಲ್ಲಂದ ಮ್ಯಾಲ ಹೆದರೋದು ಏನದ? ಸುಮ್ಮ ಸುಮ್ಮ ಮಂದಿ ತಲಿ ಕೆಡಿಸಿದ್ರು." ಎದ್ದು ನಿಂತು ತೀರ್ಪು ಕೊಟ್ಟ. "ಒಂದ್ ಕೆಲಸ ಮಾಡು. ರೊಮ್ಯಾಂಟಿಕ್ ಅನ್ನೋದು ತಗಿ. ಭಕ್ತಿ ಸೊನಾಟಾ ಅಂತ ಬರಿ. ಯಾರೂ ಏನೂ ಅನ್ನಂಗಿಲ್ಲ."

ಬಸ್ಸಿಗೆ ಇನ್ನೂ ಹೊತ್ತಿತ್ತು. ಅಣ್ಣ ಎಲಿ ಅಡಿಕಿಗೆಂದು ಬಜಾರದ ಕಡೆ ಹೋದ.

ಅವನ ಚಪ್ಪಲಿ ಸದ್ದು ಗೇಟು ದಾಟಿತು. ವೈನಿ ಎದ್ದು ಬಂದು ಪಿಯಾನೊ ಪಕ್ಕ ನಿಂತರು.

"ಆ ನಡುವಿಂದು ಇನ್ನೊಮ್ಮಿ ಬಾರ್ಸು. ಅವ್ರು ಬರೋದ್ರೊಳಗ."

ನುಡಿಸಿದೆ. ಧಾಟಿ ಬಾಗಿಲವರೆಗೆ ಬಂತು, ತಿರುಗಿ ಹೋಯಿತು. ಮೂರನೆಯ ಸಲ ತಿರುಗಿ ಹೋದಾಗ ವೈನಿ ಸೆರಗಿನಿಂದ ಮೂಗು ಒರೆಸಿಕೊಂಡರು.

"ನಮ್ಮ ತವರು ನಾಲವಾರದಾಗ, ನನ್ನ ಮದುವಿಗಿಂತ ಮೊದ್ಲು..." ಎಂದು ಶುರು ಮಾಡಿದವರು ಅಲ್ಲಿಗೇ ನಿಲ್ಲಿಸಿದರು. ಕಿಟಕಿಯ ಆಚೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು:

"ಹೀಂಗ ಯಾರಿಗೂ ತಿಳೀದಂಗ ಹೇಳ್ಲಿಕ್ಕೂ ಬರ್ತದೇನು, ಶೈಲಾ?"

ನಾಲವಾರದಲ್ಲಿ ಏನು ವೈನಿ, ಯಾರು, ಯಾವಾಗ? ನೂರು ಪ್ರಶ್ನೆ ನಾಲಿಗೆ ತುದಿಗೆ ಬಂದವು. (ಅಂಕಣ ಬರೆಯುವವಳ ನಾಲಿಗೆ, ಕೇಳಬೇಕೇ?) ಕಚ್ಚಿ ಹಿಡಿದುಕೊಂಡೆ. ಈಗಷ್ಟೇ ಒಬ್ಬರ ತನಿಖೆ ಮುಗಿದಿತ್ತು. ಇನ್ನೊಬ್ಬರದು ಶುರು ಮಾಡಲು ನಾನು ಯಾರು?

"ಬರ್ತದ ವೈನಿ" ಎಂದೆ, ಅಷ್ಟೇ.

ಅಣ್ಣ ಬಂದ, ಇಬ್ಬರೂ ಹೊರಟರು. ಆ ಸಂಜೆ ನಾನು ಎರಡನೆಯ ಭಾಗವನ್ನು ಮಸಿಯಲ್ಲಿ ತಿದ್ದಿ ಬರೆದಿಟ್ಟೆ. ಹರಿದು ಹಾಕುವ ಮಾತು ಅಲ್ಲಿಗೆ ಮುಗಿಯಿತು.

ಮರು ಬುಧವಾರ ಮಧ್ಯಾಹ್ನ ಫೋನು. ವೈನಿ, ಪಿಸುದನಿಯಲ್ಲಿ: "ಅವ್ರು ಹೊಲಕ್ಕ ಹೋಗ್ಯಾರ. ಬಾರ್ಸು." ಸ್ಪೀಕರ್ ಹಾಕಿ ಪಿಯಾನೊ ಮೇಲಿಟ್ಟು ನುಡಿಸಿದೆ. ಆಮೇಲೆ, "ಸಾಕವ್ವ. ಇಡ್ತೀನಿ."

ಈಗ ಪ್ರತಿ ಬುಧವಾರವೂ ಫೋನು ಬರುತ್ತದೆ.

(ಇದನ್ನೆಲ್ಲ ಹೇಗೆ ಧೈರ್ಯವಾಗಿ ಬರೆದೆ ಅನ್ನುತ್ತೀರಾ? ವೈನಿಯನ್ನು ಕೇಳಿಯೇ ಬರೆದೆ. "ಬರಿ, ಅವ್ರು ಮಳಿ ಸುದ್ದಿ ನೋಡಿ ಪೇಪರ್ ಮಡಚಿಡ್ತಾರ" ಎಂದರು.)

ಅಣ್ಣ, ವೈನಿ ಇಬ್ಬರದೂ ಇಪ್ಪತ್ತೇಳು ವರ್ಷದಿಂದ ಒಂದೇ ಮನೆಯಲ್ಲಿ, ಒಂದೇ ಒಲೆಯ ಊಟ. ಕೇಳಬೇಕಾದದ್ದು ಪಕ್ಕದಲ್ಲೇ ಕೂತಿರುವಾಗ ನಮ್ಮ ಗಂಡಸರು ತನಿಖೆಗೆಂದು ಬಸ್ಸು ಬದಲಿಸಿ ಅಷ್ಟು ದೂರ ಯಾಕೆ ಬರುತ್ತಾರೆ?