ಕಲ್ಲಿದ್ದಲೆಂದು ದಾಖಲಾದ ನಾವು

ಈ ಬರಹದಲ್ಲಿ ಲೋಪದೋಷಗಳು ಕಂಡುಬಂದಲ್ಲಿ ಓದುಗರು ದಯವಿಟ್ಟು ಮನ್ನಿಸಬೇಕು. ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೊಬ್ಬಳೇ ಆದ್ದರಿಂದ ಬರೆದದ್ದನ್ನು ತಿದ್ದಿಕೊಡುವವರು ಮನೆಯಲ್ಲಿ ಯಾರೂ ಇಲ್ಲ. ಅಪ್ಪನಿಗೆ ಓದಿ ಹೇಳಿದೆ. "ಉದ್ದ ಆಯ್ತು ಕಣವ್ವ" ಎಂದರು. ಎರಡು ವಾಕ್ಯಗಳನ್ನು ತೆಗೆದಿದ್ದೇನೆ.

ಮದ್ದೂರಿನ ಬಳಿಯ ಒಂದು ಕಾಗದದ ಕಾರ್ಖಾನೆಯ ಪರಿಸರ ವಿಭಾಗಕ್ಕೆ ನಾನು ಗುತ್ತಿಗೆಯ ಮೇಲೆ ಸೇರಿದ್ದೆ. ನಮ್ಮೂರು ಕೊತ್ತತ್ತಿಯಿಂದ ದಿನವೂ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಹೊಸ ನಿಯಮದ ಪ್ರಕಾರ, ಕಾರ್ಖಾನೆಯು ಎಷ್ಟು ಇಂಧನ ಸುಟ್ಟಿತು, ಅದರಿಂದ ಎಷ್ಟು ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರಿತು ಎಂಬುದನ್ನು ಅಳೆದು ಸರ್ಕಾರಕ್ಕೆ ವರದಿ ಮಾಡಬೇಕಿತ್ತು. ಹೊರಗಿನ ಅಧಿಕಾರಿಯೊಬ್ಬರು ಬಂದು ಆ ವರದಿಯನ್ನು ಪರಿಶೀಲಿಸಿ ದೃಢೀಕರಿಸುತ್ತಾರೆ. ಬರೆಯುವ ಕೆಲಸ ನನ್ನದಾಗಿತ್ತು. "ಒಂದು ಆಕ್ಷೇಪಣೆಯೂ ಉಳಿಯದೆ ದೃಢೀಕರಣವಾದರೆ ನಿಮ್ಮನ್ನು ಖಾಯಂ ಮಾಡಿಸುತ್ತೇನೆ. ಇಲ್ಲವಾದರೆ ಗುತ್ತಿಗೆ ಈ ತಿಂಗಳಿಗೆ ಮುಗಿಯಿತೆಂದು ತಿಳಿಯಿರಿ" ಎಂದು ಮ್ಯಾನೇಜರ್ ಸ್ಪಷ್ಟವಾಗಿ ತಿಳಿಸಿದ್ದರು.

ಆದಕಾರಣ ನಾನು ವರ್ಷದ ಪ್ರತಿಯೊಂದು ತೂಕದ ಚೀಟಿಯನ್ನೂ ಲೆಕ್ಕಕ್ಕೆ ಸೇರಿಸಿದೆ. ಒಂದನ್ನೂ ಬಿಡಲಿಲ್ಲ. ನಾನು ಮಾಡಿದ ತಪ್ಪು ಅದೇ.

ಬಂದ ಅಧಿಕಾರಿಯವರು ಬಹಳ ಸಣಕಲು, ಬಹಳ ಮಿತಭಾಷಿ. ಎರಡನೆಯ ದಿನ ಮಧ್ಯಾಹ್ನ ಒಂದು ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿದರು.

"ಮೇಡಂ, ಎರಡು ಸಾವಿರದ ಆರುನೂರು ಕಿಲೋ ಕಲ್ಲಿದ್ದಲು. ಲಾರಿಯ ಸಂಖ್ಯೆ ಇರಬೇಕಾದಲ್ಲಿ 'ಶ್ರೀ' ಎಂದಿದೆ. ಕಳುಹಿಸಿದವರ ಹೆಸರಿನಲ್ಲಿ 'ಚಾಮುಂಡೇಶ್ವರಿ ಪ್ರಸನ್ನ' ಎಂದಿದೆ. ಇವರು ಯಾವ ಊರಿನ ಸರಬರಾಜುದಾರರು?"

ದಿನಾಂಕ ನೋಡಿದೆ. ಆಯುಧಪೂಜೆಯ ದಿನ. ಅಂದು ಬಾಯ್ಲರ್ ಹೊತ್ತಿಸಿರಲೇ ಇಲ್ಲ.

ಲಾರಿಗಳನ್ನು ಹೊತ್ತ ಹೊರೆಯೊಂದಿಗೆ ತೂಗುವ ವೇಬ್ರಿಡ್ಜಿನ ಕೋಣೆಗೆ ಓಡಿದೆ. ಅದನ್ನು ಇಪ್ಪತ್ತು ವರ್ಷಗಳಿಂದ ನೋಡಿಕೊಳ್ಳುತ್ತಿದ್ದ ಹಿರಿಯರನ್ನು ಎಲ್ಲರೂ ಭಾಯಿ ಎಂದೇ ಕರೆಯುತ್ತಿದ್ದರು. ಅವರು ಚೀಟಿ ನೋಡಿ ನಕ್ಕರು.

"ಅಯ್ಯೋ, ಇದು ಬೋಣಿ ಚೀಟಿ ಕಣವ್ವ! ಪೂಜೆ ಆದ್ಮೇಲೆ ಮಿಸನ್ನ ಒಂದ್ ಸಲನಾರ ಬೋಣಿ ಮಾಡ್ದೆ ಬುಟ್ರೆ ವರ್ಸ ಪೂರ್ತಿ ಕೈ ಕೊಡ್ತದೆ. ಪೋಟೋ ತೆಗ್ಸಕೆ ಅಂತ ನೀವೆಲ್ಲ ಮೇಲೆ ನಿಂತಿದ್ರಲ್ಲ, ಒಳ್ಳೆ ಗಳಿಗೆ ಅಂತ ತೂಗ್ಬುಟ್ಟೆ."

"ಆದರೆ ಕಲ್ಲಿದ್ದಲು ಎಂದು ಏಕೆ ನಮೂದಿಸಿದಿರಿ, ಭಾಯಿ?"

"ಮಾಲು ಯಾವ್ದು ಅಂತ ಮಿಸನ್ನು ಕೇಳ್ತದೆ. ಪಟ್ಟಿಲಿ ಮನುಸ್ರು ಅಂತ ಇಲ್ಲ. ಇರದೇ ಎರಡು, ಇದ್ದಲು, ಇಲ್ಲ ಕಬ್ಬಿನ ಸಿಪ್ಪೆ. ಮ್ಯಾನೇಜರ್ ಸಾಹೇಬ್ರೂ ನಿಂತವ್ರೆ, ಅವ್ರನ್ನ ಸಿಪ್ಪೆ ಅನ್ನಕಾಯ್ತದಾ?"

ಉತ್ತರ ತರ್ಕಬದ್ಧವಾಗಿತ್ತು. ನನ್ನ ಲೆಕ್ಕದಲ್ಲಿ ಮ್ಯಾನೇಜರ್, ಕ್ಯಾಂಟೀನಿನ ಅಕ್ಕ ಹಾಗೂ ನಾನು ಸೇರಿದಂತೆ ಮೂವತ್ತೆಂಟು ಮಂದಿ ಬಾಯ್ಲರಿನಲ್ಲಿ ಉರಿದು, ನಾಲ್ಕು ಟನ್ನಿಗೂ ಮಿಗಿಲಾದ ಅನಿಲವಾಗಿ, ದಶಮಾಂಶದ ಎರಡು ಸ್ಥಾನಗಳವರೆಗೆ ವರದಿಯಾಗಿದ್ದೆವು.

"ಅರ್ದಾಕ್ಬುಡು ಮಗ, ಯಾರ್ ಕೇಳ್ತಾರೆ" ಎಂದು ಭಾಯಿ ಸಲಹೆ ನೀಡಿದರು. ಆದರೆ ಚೀಟಿಗಳಿಗೆ ಸರಣಿ ಸಂಖ್ಯೆಗಳಿದ್ದವು, ಹಾಗೂ ಸುಳ್ಳು ಹೇಳಿದರೆ ನನಗೆ ಬಿಕ್ಕಳಿಕೆ ಬರುತ್ತದೆ. ಅಂದು ಸಂಜೆಯೇ ಲಿಖಿತ ವಿವರಣೆ ಸಲ್ಲಿಸಿದೆ: "ಉಲ್ಲೇಖಿತ ಕಲ್ಲಿದ್ದಲು ವಾಸ್ತವದಲ್ಲಿ ಸಿಬ್ಬಂದಿಯಾಗಿದ್ದು, ಸದರಿ ಸಿಬ್ಬಂದಿಯನ್ನು ಸುಟ್ಟಿರುವುದಿಲ್ಲ."

ಅಧಿಕಾರಿಯವರು ಅದನ್ನು ಮೂರು ಬಾರಿ ಓದಿದರು. "ಹೇಳಿಕೆ ಸಾಲದು. ಪುರಾವೆ ಬೇಕು" ಎಂದರು. ಪೂಜೆಯ ದಿನದ ಫೋಟೋ ತೋರಿಸಿದೆ. ತಲೆ ಎಣಿಸಿದರು. "ಇದೇ ಜನರನ್ನು ಮತ್ತೆ ತೂಗಿ. ತೂಕ ಹೊಂದಿದರೆ ಈ ನಮೂದನ್ನು ತೆಗೆಯಬಹುದು."

ಮರುದಿನ ಬೆಳಗ್ಗೆ ಮೂವತ್ತೆಂಟು ಮಂದಿಯೂ ಫೋಟೋದಲ್ಲಿದ್ದಂತೆಯೇ ಸಾಲಾಗಿ ವೇಬ್ರಿಡ್ಜ್ ಹತ್ತಿದೆವು. ಆ ನಡುವೆ ನಿವೃತ್ತರಾಗಿದ್ದ ಕಾವಲುಗಾರರನ್ನು ಅವರ ಊರು ಪೂರಿಗಾಲಿಯಿಂದ ಕರೆಸಿದ್ದೆವು. ಕ್ಯಾಂಟೀನಿನ ಅಕ್ಕ ಮಾತ್ರ, "ನನ್ ತೂಕ ಸರ್ಕಾರುಕ್ಕೆ ಯಾಕ್ ಬೇಕು? ನಾ ಅತ್ತಕಿಲ್ಲ" ಎಂದು ಹಟ ಹಿಡಿದರು. ಒಟ್ಟು ತೂಕವನ್ನಷ್ಟೇ ದಾಖಲಿಸಲಾಗುವುದೆಂದು ಅಧಿಕಾರಿಯವರು ಖುದ್ದಾಗಿ ಭರವಸೆ ಕೊಟ್ಟ ಮೇಲೆ ಒಪ್ಪಿದರು.

ಸುಮಾರು ನಾನೂರು ಕಿಲೋ ಕಡಿಮೆ ಬಂತು.

"ಎಲ್ರೂ ಸೊರ್ಗೋಗವ್ರೆ" ಎಂದರು ಭಾಯಿ. ಯಾರೂ ನಗಲಿಲ್ಲ. ನನ್ನ ನೌಕರಿ ಆ ನಾನೂರು ಕಿಲೋದಲ್ಲಿ ಹೋಗುತ್ತಿದೆಯೆಂದು ಎಲ್ಲರಿಗೂ ಗೊತ್ತಿತ್ತು. ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಹಿಂದಿನ ಸಾಲಿನ ಸೀರೆಗಳ ಸಂದಿನಲ್ಲಿ, ಒಂದು ಬಾಲ.

ಆಗ ನೆನಪಾಯಿತು. ಅಂದು ಗೋಪೂಜೆಗೆಂದು ಹಸುವನ್ನು ಕೇಳಿದ್ದರು. ಮಗಳ ಕಾರ್ಖಾನೆ ಎಂಬ ಹೆಮ್ಮೆಯಿಂದ ಅಪ್ಪ ನಮ್ಮ ಮನೆಯ ಹಸುವನ್ನೇ ತಂದಿದ್ದರು. ಫೋನ್ ಮಾಡಿದೆ. ಎರಡು ಗಂಟೆಯಲ್ಲಿ ಗೂಡ್ಸ್ ಆಟೋದಲ್ಲಿ ಹಸುವಿನೊಂದಿಗೆ ಬಂದಿಳಿದರು.

"ಇದ್ಯಾಕ್ ಭಾಯಿ ಹಸೀನ ತೂಕುಕ್ಕಾಕ್ತೀರಿ? ನಾ ಇದ ಮಾರಕಿಲ್ಲ ಕಣಪ್ಪ!"

"ನಿನ್ ಹಸೀನ ಯಾರಣ್ಣ ಕೇಳುದ್ರು? ನಿನ್ ಮಗಳ ಕೆಲ್ಸ ಉಳೀಬೇಕು, ಅತ್ಸು ಮೊದ್ಲು!"

ಹಸು ಹತ್ತಿತು. ನಾವೂ ಮತ್ತೆ ಹತ್ತಿದೆವು. ತೂಕ ನಿಲ್ಲುವ ಮೊದಲೇ ಹಸು ಸಗಣಿ ಹಾಕಿತು. ಅಧಿಕಾರಿಯವರು ಕ್ಷಣಕಾಲ ಚಿಂತಿಸಿ, ಸಗಣಿಯೂ ವೇಬ್ರಿಡ್ಜಿನ ಮೇಲೆಯೇ ಇರುವುದರಿಂದ ಒಟ್ಟು ತೂಕದಲ್ಲಿ ವ್ಯತ್ಯಾಸವಾಗದೆಂದು ತೀರ್ಮಾನಿಸಿದರು.

ಎರಡು ಸಾವಿರದ ಆರುನೂರ ಹತ್ತು ಕಿಲೋ.

"ಹೊಂದುತ್ತದೆ" ಎಂದರು.

ಅಲ್ಲಿಗೆ ಸುಮ್ಮನಿರಬೇಕಿತ್ತು. ಆದರೆ ಏನೂ ಬಿಟ್ಟುಹೋಗಬಾರದೆಂಬ ಆತಂಕದಲ್ಲಿ ಕೇಳಿಯೇಬಿಟ್ಟೆ: "ಸರ್, ಹಸುವಿನ ತೇಗಿನಿಂದ ಮೀಥೇನ್ ಹೊರಬರುತ್ತದೆ. ಅದನ್ನು ವರದಿಗೆ ಸೇರಿಸಬೇಕೇ?"

ಅವರು ನನ್ನನ್ನು ನೋಡಿದರು, ಹಸುವನ್ನು ನೋಡಿದರು. "ಹಸು ಕಾರ್ಖಾನೆಯ ಸ್ವತ್ತೇ?"

"ಅಲ್ಲ ಸರ್. ಅಪ್ಪನದು."

"ಹಾಗಾದರೆ ವರದಿಯ ಗಡಿಯೊಳಗೆ ಬರುವುದಿಲ್ಲ. ದಯವಿಟ್ಟು ಇಳಿಸಿ."

"ಬೂಸ ತಿನ್ತದೆ ಸಾ, ಇದ್ದಲು ಮುಟ್ಟಕಿಲ್ಲ" ಎಂದು ಅಪ್ಪ ಕೈಮುಗಿದು ಸಾಕ್ಷಿ ನುಡಿದರು. ಅಧಿಕಾರಿಯವರು ಕಡತದಿಂದ ಮುಖ ಮುಚ್ಚಿಕೊಂಡರು. ಅವರ ಭುಜಗಳು ಬಹಳ ಹೊತ್ತು ಕುಲುಕುತ್ತಿದ್ದವು.

ನಮೂದನ್ನು ತೆಗೆದು, ಲೆಕ್ಕ ತಿದ್ದಿ, ಕಾರಣ ಬರೆದು ಸಹಿ ಹಾಕಿದೆ. ತೂಕದ ಯಂತ್ರದ ಪಟ್ಟಿಗೆ 'ಇಂಧನವಲ್ಲ' ಎಂಬ ಮೂರನೆಯ ಆಯ್ಕೆಯನ್ನು ಸೇರಿಸಬೇಕೆಂದು ಅವರು ಸೂಚಿಸಿದರು. ಅಂದೇ ಸೇರಿಸಿದೆವು. ಆಕ್ಷೇಪಣೆ ಒಂದೂ ಉಳಿಯಲಿಲ್ಲ. ಮುಂದಿನ ತಿಂಗಳು ನನ್ನ ಖಾಯಂ ಆದೇಶ ಬಂತು.

ಅನಂತರ ನಮ್ಮ ಮನೆಯಲ್ಲಿ ಆದ ಬದಲಾವಣೆಗಳು ಇಷ್ಟು. ಅಮ್ಮ ಬೇರೆಯವರ ಗದ್ದೆಗೆ ಕಳೆ ಕೀಳಲು ಹೋಗುವುದನ್ನು ನಿಲ್ಲಿಸಿದರು. ನೌಕರಿಯ ಜೊತೆಗೆ ಬಂದ ವಿಮೆಯಿಂದ ಅಪ್ಪನ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಆಯಿತು. ಮಂಡ್ಯದ ಗುತ್ತಲಿನಲ್ಲಿ ಎರಡು ಕೋಣೆಗಳ ಬಾಡಿಗೆ ಮನೆ ಹಿಡಿದೆ. ತಂಗಿ ನನ್ನ ಜೊತೆಯಲ್ಲಿದ್ದು ಅಲ್ಲಿಯ ಕಾಲೇಜಿಗೆ ಹೋಗುತ್ತಿದ್ದಾಳೆ.