ಮಿಲ್ ಆಂಟಿಯ ಬಾಡಿಗೆ ಕೋಣೆ

ಹಾಲು ಉಕ್ಕಿ ಸ್ಟೌ ಮೇಲೆ ಸೀದ ವಾಸನೆ ಇದೆಯಲ್ಲ, ಅದು ಸುಲಭಕ್ಕೆ ಮನೆ ಬಿಟ್ಟು ಹೋಗುವುದಿಲ್ಲ. ಇವತ್ತು ಬೆಳಿಗ್ಗೆ ವಿದ್ಯಾರಣ್ಯಪುರಂನ ನಮ್ಮ ಮನೆಯಲ್ಲಿ ಹಾಗೇ ಆಯಿತು. ಒಲೆಯ ಮುಂದೆಯೇ ನಿಂತಿದ್ದೆ. ಕೈಯಲ್ಲಿ ಫೋನು, ಫೋನಿನಲ್ಲಿ ಆಗ ತಾನೇ ಬಂದ ಮಗಳ ಮೆಸೇಜು. ಓದುತ್ತಾ ಮೈಮರೆತೆ. ಹಾಲು ತನ್ನ ಪಾಡಿಗೆ ಏರಿ, ಪಾತ್ರೆ ದಾಟಿ, ಕಟ್ಟೆಯಿಂದ ನೆಲಕ್ಕೂ ಇಳಿಯಿತು. ಹಾಲ್‌ನಲ್ಲಿ ಪೇಪರ್ ಓದುತ್ತಿದ್ದ ಯಜಮಾನರು "ಏನೇ ಅದು ವಾಸನೆ?" ಅಂದರು. ಏನಂತ ಹೇಳಲಿ? ನನ್ನ ಮೂಗಿಗೆ ಬಂದದ್ದು ಇವತ್ತಿನ ಹಾಲಿನ ವಾಸನೆಯಾಗಿರಲಿಲ್ಲ. ಲಷ್ಕರ್ ಮೊಹಲ್ಲಾದ ಗಲ್ಲಿಯಲ್ಲಿ, ನನ್ನ ತವರಿನ ಪಕ್ಕದ ಮನೆಯ ಒಂದು ಸಣ್ಣ ಕೋಣೆಯಲ್ಲಿ ಉಕ್ಕಿದ್ದ ಹಾಲು ಅದು…

ಮೊದಲೇ ಹೇಳಿಬಿಡುತ್ತೇನೆ, ಇದು ಹೊಟ್ಟೆಕಿಚ್ಚಿನ ಮಾತು. ನನಗೀಗ ನಲವತ್ತು ದಾಟಿ ಎಷ್ಟೋ ಆಯಿತು, ಆದರೂ ಆ ಕಿಚ್ಚು ಆರಿಲ್ಲ. ದೊಡ್ಡ ಮನಸ್ಸು ಗಿಡ್ಡ ಮನಸ್ಸು ಅಂತ ನನಗೆ ಬುದ್ಧಿ ಹೇಳಲು ಬರಬೇಡಿ.

ಆ ಗಲ್ಲಿಯಲ್ಲಿ ನಮ್ಮ ಮನೆಗೆ ಅಂಟಿಕೊಂಡೇ ಒಂದು ಹಿಟ್ಟಿನ ಮಿಲ್ ಇತ್ತು. ಅದನ್ನು ನಡೆಸುತ್ತಿದ್ದವರನ್ನು ಇಡೀ ಬೀದಿ ಮಿಲ್ ಆಂಟಿ ಅಂತಲೇ ಕರೆಯುತ್ತಿತ್ತು. ಹುಬ್ಬು, ರೆಪ್ಪೆ, ಕಿವಿಯ ಸಂದು, ಎಲ್ಲಾ ಕಡೆ ಹಿಟ್ಟು. ಮೆಣಸಿನಕಾಯಿ ಬೀಸುವ ದಿನ ನಾವೆಲ್ಲ ಸೀನಿ ಸೀನಿ ಸುಸ್ತಾದರೆ ಆಕೆ ಮಾತ್ರ ಮೂಗಿಗೆ ಸೆರಗು ಕೂಡ ಕಟ್ಟದೆ ನಿಂತಿರುತ್ತಿದ್ದರು. ಗಂಡ ತೀರಿಹೋಗಿದ್ದರು. ಒಬ್ಬಳೇ ಮಗಳು, ನನ್ನ ಓರಗೆಯವಳು, ನನ್ನ ಜೊತೆಯೇ ಓದಿದವಳು. ಹೆಚ್ಚು ಕಡಿಮೆ ಒಟ್ಟಿಗೇ ನಮಗಿಬ್ಬರಿಗೂ ಕೆಲಸ ಸಿಕ್ಕಿತು. ನನಗೆ ಅರಸು ರಸ್ತೆಯ ಒಂದು ಬಟ್ಟೆ ಅಂಗಡಿಯ ಬಿಲ್ ಕೌಂಟರಿನಲ್ಲಿ, ಅವಳಿಗೆ ಜಯಲಕ್ಷ್ಮಿಪುರಂನ ಹಲ್ಲಿನ ಡಾಕ್ಟರ ಹತ್ತಿರ ಬಂದವರ ಹೆಸರು ಬರೆದು ಚೀಟಿ ಕೊಡುವುದು.

ಅವಳು ಮೊದಲ ಸಂಬಳ ತಂದಾಗ ಆಂಟಿ ಮಾಡಿದ ಕೆಲಸ ನೋಡಿ ಬೀದಿಗೆ ಬೀದಿಯೇ ಬಾಯಿ ಮೇಲೆ ಬೆರಳಿಟ್ಟಿತು. ಮನೆಯ ಹಿಂಭಾಗದಲ್ಲಿ ರಾಗಿ ಮೂಟೆ ಇಡುತ್ತಿದ್ದ ಕೋಣೆಯೊಂದಿತ್ತು. ಅದನ್ನು ಖಾಲಿ ಮಾಡಿಸಿ, ಸುಣ್ಣ ಹೊಡೆಸಿ, ಬಾಗಿಲಿಗೆ ಒಳಗಿನಿಂದ ಹೊಸ ಚಿಲಕ ಹಾಕಿಸಿದರು. ಇನ್ನು ಮೇಲೆ ಇದು ನಿನ್ನ ಕೋಣೆ, ತಿಂಗಳು ತಿಂಗಳು ಬಾಡಿಗೆ ಕೊಡು ಅಂದರು. ಬಾಯಿ ಮಾತಲ್ಲ. ಹೊಸ ಬಾಡಿಗೆದಾರರು ಬಂದಾಗ ಹೇಗೆ ಹಾಲುಕ್ಕಿಸುತ್ತಾರೋ ಹಾಗೇ ಮಗಳ ಕೈಯಲ್ಲಿ ಆ ಕೋಣೆಯೊಳಗೆ ಸೀಮೆಎಣ್ಣೆ ಸ್ಟೌ ಹಚ್ಚಿಸಿ ಹಾಲುಕ್ಕಿಸಿದರು. ಅಕ್ಕಪಕ್ಕದ ಹೆಂಗಸರನ್ನೆಲ್ಲ ಕರೆದು ಅವಳ ಕೈಯಲ್ಲೇ ಅರಿಶಿನ ಕುಂಕುಮ, ಲೋಟಕ್ಕೆ ಹಾಲು. ಹುಡುಗಿಗೆ ಸ್ಟೌ ಪಂಪ್ ಮಾಡುವ ಅಂದಾಜಿರಲಿಲ್ಲ, ಅರ್ಧ ಹಾಲು ಸೀದುಹೋಯಿತು. "ಹತ್ತು ತಿಂಗಳ ಅಡ್ವಾನ್ಸ್ ಕೇಳ್ಬೇಕಿತ್ತು, ಮಗಳು ಅಂತ ಬುಟ್ಟಿದೀನಿ ಕಣ್ರೀ" ಅಂತ ಆಂಟಿ ನಕ್ಕರು. ಬೇರೆ ಯಾರೂ ನಗಲಿಲ್ಲ. ಹಾಲು ಕುಡಿದು ಹೊರಗೆ ಬಂದಮೇಲೆ ಬಾಯಿ ಬಿಟ್ಟರು ನೋಡಿ! ಹೆತ್ತ ಮಗಳ ಹತ್ರ ಬಾಡಿಗೆಯಂತೆ, ಏನು ದುಡ್ಡಿನ ದಾಹವಪ್ಪಾ ಅಂತ. ಎಲ್ಲರಿಗಿಂತ ಜೋರಾಗಿ ಅಂದದ್ದು ನಮ್ಮಮ್ಮ.

ನಾನೂ ಅಯ್ಯೋ ಪಾಪ ಅಂದುಕೊಂಡೆ. ನಮ್ಮಪ್ಪ ಹಾಗೆಲ್ಲ ಮಾಡುವವರಲ್ಲ ಅಂತ ಒಳಗೊಳಗೇ ಜಂಬ ಬೇರೆ. ನಮ್ಮ ಮನೆಯ ಪದ್ಧತಿಯೇ ಬೇರೆ ಇತ್ತು. ಸಂಬಳದ ಕವರನ್ನು ನಾನು ಒಡೆಯದೆ ಅಪ್ಪನ ಕೈಗಿಡುತ್ತಿದ್ದೆ. ಅವರು ಕಣ್ಣಿಗೊತ್ತಿಕೊಂಡು ದೇವರ ಮುಂದಿಟ್ಟು, ಆಮೇಲೆ ಬೀರುವಿಗೆ ಸೇರಿಸುತ್ತಿದ್ದರು. ನಿನ್ನ ಮದುವೆಗೇ ಅಲ್ವೇನಮ್ಮ, ಅನ್ನುತ್ತಿದ್ದರು. ಬಸ್ಸಿಗೆ ಬೇಕಾದರೆ ಅಮ್ಮನ ಹತ್ತಿರ ಕೇಳಬೇಕಿತ್ತು. ಕೇಳಿದರೆ ಕೊಡುತ್ತಿದ್ದರು, ಇಲ್ಲ ಅನ್ನುತ್ತಿರಲಿಲ್ಲ. ಎಲ್ಲಿಗೆ, ಯಾರ ಜೊತೆ, ಮೊನ್ನೆ ಕೊಟ್ಟದ್ದು ಏನಾಯ್ತು, ಅಷ್ಟೇ. ನಾನು ಮಲಗುತ್ತಿದ್ದದ್ದು ನಡುಮನೆಯಲ್ಲಿ. ನನ್ನ ಟ್ರಂಕು ಮಂಚದ ಕೆಳಗೆ, ಅದನ್ನು ಯಾರು ಬೇಕಾದರೂ ತೆಗೆಯಬಹುದಿತ್ತು.

ನಮ್ಮ ನಡುಮನೆಗೂ ಆ ಕೋಣೆಗೂ ಇದ್ದದ್ದು ಒಂದೇ ಗೋಡೆ. ಅಲ್ಲೇ ಶುರುವಾಯಿತು ನನ್ನ ಸಂಕಟ.

ಸಾಯಂಕಾಲ ಮಿಲ್ ನಿಲ್ಲಿಸಿ ಆಂಟಿ ಮಗಳಿಗೆ ಕಾಫಿ ತರುತ್ತಿದ್ದರು. ತಂದವರು ನೇರ ಒಳಗೆ ಹೋಗುತ್ತಿರಲಿಲ್ಲ. ಟಕ್ ಟಕ್ ಅಂತ ಬಾಗಿಲು ತಟ್ಟುವುದು. "ಒಳಗೆ ಬರ್ಲೇನಮ್ಮ?" ಅನ್ನುವುದು. ಅವಳು ಒಮ್ಮೊಮ್ಮೆ "ತಡಿಯಮ್ಮ" ಅನ್ನುತ್ತಿದ್ದಳು. ತಡಿಯಮ್ಮ! ಆಂಟಿ ಲೋಟ ಹಿಡಿದು ಹೊರಗೆ ನಿಂತಿರುತ್ತಿದ್ದರು. ನಾನು ಗೋಡೆಗೆ ಒರಗಿ ಕೂತು ಆ ನಿಶ್ಶಬ್ದವನ್ನು ಕೇಳುತ್ತಿದ್ದೆ. ಒಬ್ಬ ತಾಯಿ ಮಗಳ ಅಪ್ಪಣೆಗೆ ಕಾಯುವುದು ಅಂದರೆ ಹೇಗಿರುತ್ತದೆ ಅಂತ ಊಹಿಸಲೂ ನನಗೆ ಬರುತ್ತಿರಲಿಲ್ಲ. ಉರಿಯುತ್ತಿತ್ತು, ಅಷ್ಟು ಗೊತ್ತು.

ಹಾಗಂತ ಆಂಟಿ ಬೆಣ್ಣೆಯಂಥ ಹೆಂಗಸೇನೂ ಅಲ್ಲ. ಸಂಬಳ ಏರಿದಾಗ ಬಾಡಿಗೆಯನ್ನೂ ಏರಿಸಿದರು. ಮಳೆಗಾಲದಲ್ಲಿ ಕೋಣೆ ಸೋರಿದಾಗ ಮಗಳು ಥೇಟ್ ಬಾಡಿಗೆದಾರರ ಹಾಗೇ ಜಗಳಕ್ಕೆ ನಿಂತಳು. ರಿಪೇರಿ ಮಾಡಿಸದಿದ್ದರೆ ಈ ತಿಂಗಳು ಒಂದು ಕಾಸೂ ಕೊಡಲ್ಲ ಅಂದಳು. ಆಂಟಿ ಗೊಣಗುತ್ತಾ ಹಂಚು ಹೊದಿಸುವವನನ್ನು ಕರೆಸಿದರು. ಬಾಗಿಲಿಗೆ ಅವಳು ತನಗಿಷ್ಟ ಅಂತ ನೀಲಿ ಬಣ್ಣ ಬಳಿಸಿಕೊಂಡಳು. ಆ ನೀಲಿಯ ಮೇಲೆ ಆಂಟಿ ತಟ್ಟುವ ಜಾಗದಲ್ಲಿ ಯಾವಾಗಲೂ ಹಿಟ್ಟಿನ ಬಿಳಿ ಗುರುತು. ನಮ್ಮ ಮನೆಯಲ್ಲೂ ಸೂರು ಸೋರುತ್ತಿತ್ತು. ನಾನು ಪಾತ್ರೆ ಇಟ್ಟು ಸುಮ್ಮನಾಗುತ್ತಿದ್ದೆ.

ಒಂದು ಭಾನುವಾರ ಅವಳನ್ನು ನೋಡಲು ಗಂಡಿನ ಕಡೆಯವರು ಬಂದರು. ಯಾರೋ ನೆಂಟರು ಹೇಳದೆ ಕೇಳದೆ ಕರೆತಂದಿದ್ದರು. ಹುಡುಗ ಒಳ್ಳೆ ಕೆಲಸದಲ್ಲಿದ್ದ, ಮಾತುಕತೆಯೂ ಗಂಭೀರ. ಆಂಟಿ ಅವರನ್ನು ಕೂರಿಸಿ ಬಂದು ಆ ನೀಲಿ ಬಾಗಿಲು ತಟ್ಟಿದ್ದು ನನಗೆ ಸ್ಪಷ್ಟವಾಗಿ ಕೇಳಿತು. "ನಿನ್ನ ನೋಡಕ್ಕೆ ಬಂದವ್ರೆ. ಏನನ್ಲಿ?" ಒಳಗಿನಿಂದ ಅವಳು "ಈಗ ಬೇಡಮ್ಮ" ಅಂದಳು. ಅಷ್ಟೇ. ಆಂಟಿ ವಾಪಸು ಹೋಗಿ, ಬೇಡವಂತೆ, ಕಾಫಿ ಕುಡ್ಕೊಂಡು ಹೋಗಿ ಅಂದರಂತೆ.

ಕಾಫಿ ಕುಡಿದು ಹೊರಗೆ ಬಂದವರನ್ನು ಜಗಲಿಯಲ್ಲಿ ಕೂತಿದ್ದ ನಮ್ಮಪ್ಪ ಮಾತಾಡಿಸಿದರು. ಮುಂದಿನ ಭಾನುವಾರ ಅವರು ನಮ್ಮ ಮನೆಗೆ ಬರುವುದೆಂದು ಅಲ್ಲೇ, ನಿಂತ ನಿಲುವಿನಲ್ಲಿ ತೀರ್ಮಾನವಾಗಿಹೋಯಿತು. ನನಗೆ ಗೊತ್ತಾದದ್ದು ಅಮ್ಮ ನನ್ನ ಸೀರೆಯನ್ನು ಇಸ್ತ್ರಿಗೆ ಕೊಟ್ಟಾಗ.

ಆ ವಾರ ರಾಗಿ ಬೀಸಿಸುವ ನೆಪ ಮಾಡಿಕೊಂಡು ಮಿಲ್ಲಿಗೆ ಹೋದೆ. ಮಿಷನ್ ಸದ್ದಿನಲ್ಲಿ ಕೂಗಿಯೇ ಕೇಳಬೇಕಾಯಿತು, "ಆಂಟಿ, ನಂಗೂ ಒಂದು ರೂಮು ಬಾಡಿಗೆಗೆ ಕೊಡ್ತೀರಾ?" ಆಂಟಿ ಮಿಷನ್ ಆಫ್ ಮಾಡಿದರು. ಡಬ್ಬ ಹಿಡಿದು ಇನ್ನೂ ಇಬ್ಬರು ಕಾಯುತ್ತಿದ್ದರು, ಅವರನ್ನು ಆಮೇಲೆ ಬನ್ನಿ ಅಂತ ಕಳಿಸಿದರು.

"ನಾನು ಕೊಟ್ರೆ ಮನೆ ಬುಟ್ಟು ಓಡ್ಬಂದಂಗಾಯ್ತದೆ ಕಣಮ್ಮ. ನಿಮ್ಮಪ್ಪನ್ನೇ ಕೇಳು. ನನ್ನತ್ರ ಬಾಡಿಗೆ ತಗೊಳಿ ಅನ್ನು" ಅಂದರು. ನಾನು ಅಳುವುದಕ್ಕೆ ಶುರುಮಾಡಿದ್ದೆ. ಆಂಟಿ ಸಮಾಧಾನ ಮಾಡಲಿಲ್ಲ. ಮೂಟೆಯ ಮೇಲೆ ಕೂತು, ಅದುವರೆಗೂ ಯಾರಿಗೂ ಹೇಳದಿದ್ದ ಮಾತು ಹೇಳಿದರು. "ಗಂಡ ಹೋದ್ಮೇಲೆ ನಾನು ನಮ್ಮಣ್ಣನ ಮನೇಲಿದ್ದೆ. ಒಂದು ಕಾಸು ಕೇಳ್ಲಿಲ್ಲ ಅವ್ರು. ಊಟಕ್ಕೆ ಬಟ್ಟೆಗೆ ಕೊರತೆ ಇಲ್ಲ. ಆದ್ರೆ ನಾನು ಮಲಗಿದ್ರೂ, ಅಳ್ತಾ ಕೂತಿದ್ರೂ, ಎಲ್ರೂ ಬಾಗಿಲು ತಳ್ಕೊಂಡು ಬಂದ್ಬುಡೋರು. ಬಾಡಿಗೆ ಕೊಡೋರ ಮನೆಗೆ ಅಂಗೆ ನುಗ್ಗಕ್ಕಾಯ್ತದಾ, ಹೇಳು?"

ಅಪ್ಪ ಊಟಕ್ಕೆ ಕೂತಾಗ ಕೇಳಿದೆ. ಅಪ್ಪ, ನನ್ನ ಸಂಬಳದಲ್ಲಿ ಬಾಡಿಗೆ ಅಂತ ತಗೊಳಿ, ಊಟದ್ದೂ ಸೇರಿಸಿ ತಗೊಳಿ, ಮಿಕ್ಕಿದ್ದು ನನ್ನ ಹತ್ರ ಇರ್ಲಿ… ಇನ್ನೂ ಮುಖ್ಯವಾದ್ದನ್ನು ಹೇಳಬೇಕಿತ್ತು, ಭಾನುವಾರದ ವಿಷಯ. ಅಷ್ಟರಲ್ಲಿ ಅಪ್ಪನ ಕೈ ತಟ್ಟೆಯಲ್ಲೇ ನಿಂತುಬಿಟ್ಟಿತು. "ನಾನೇನು ನಿಂಗೆ ಹೊರಗಿನವನಾ ಕಂದ?" ಅಂದರು. ಕಣ್ಣಲ್ಲಿ ನೀರು. ಅಮ್ಮ ಹಣೆ ಚಚ್ಚಿಕೊಂಡರು, ಎಲ್ಲಾ ಆ ಮಿಲ್ಲಿನವಳ ಉಪದೇಶ ಅಂತ ಗೋಡೆಗೆ ಕೇಳುವ ಹಾಗೆ ಬೈದರು. ಮರುದಿನ ಅಪ್ಪ ಮಾರ್ಕೆಟ್ಟಿನಿಂದ ನನಗಿಷ್ಟ ಅಂತ ರಸಬಾಳೆ ತಂದು ತಾವೇ ಸುಲಿದು ಕೊಟ್ಟರು. ಬೈದಿದ್ದರೆ ಜಗಳವಾದರೂ ಆಡಬಹುದಿತ್ತು. ಬಾಳೆಹಣ್ಣು ಸುಲಿದು ಕೊಡುವ ಅಪ್ಪನ ಹತ್ತಿರ ಏನು ಜಗಳ ಆಡುತ್ತೀರಿ? ಸುಮ್ಮನೆ ತಿಂದೆ.

ಭಾನುವಾರ ಯಾರೂ ನನ್ನನ್ನು ಕೇಳಲಿಲ್ಲ, ಕೇಳದೆಯೇ ಎಲ್ಲಾ ಚೆನ್ನಾಗಿ ನಡೆಯಿತು. ನಮ್ಮಪ್ಪ ನನ್ನ ಸಂಬಳವನ್ನೆಲ್ಲ ಒಂದು ಪೈಸೆ ಮುಟ್ಟದೆ ಒಡವೆ ಮಾಡಿಸಿ ನನ್ನ ಕೊರಳಿಗೇ ಹಾಕಿದರು, ಅದನ್ನೂ ಹೇಳಬೇಕು. ಅವಳು ಬೇಡ ಅಂದ ಗಂಡೇ ಇವತ್ತು ಹಾಲ್‌ನಲ್ಲಿ ಕೂತು ಪೇಪರ್ ಓದುತ್ತಿರುವ ನಮ್ಮ ಯಜಮಾನರು. ಒಳ್ಳೆಯವರೇ. ಕುಡಿಯುವುದಿಲ್ಲ, ಕೈ ಎತ್ತುವುದಿಲ್ಲ. ನನ್ನನ್ನು ಕೇಳಿದ್ದರೂ ಬಹುಶಃ ಹೂಂ ಅನ್ನುತ್ತಿದ್ದೆನೇನೋ… ಆದರೆ ಕೇಳಲಿಲ್ಲವಲ್ಲ. ಮದುವೆ ಗೊತ್ತಾದ ಆ ಸಾಯಂಕಾಲವೂ ಗೋಡೆಯಾಚೆ ಟಕ್ ಟಕ್ ಅಂತು. ಎರಡೂ ಕಿವಿಗೆ ಸೆರಗು ತುರುಕಿಕೊಂಡು ಕೂತೆ.

ಅವಳು ಮೂವತ್ತು ದಾಟಿದ ಮೇಲೆ ತನಗೆ ಬೇಕಾದವನನ್ನು ಮದುವೆಯಾಗಿ ಅದೇ ಬೀದಿಯಲ್ಲಿ ಮನೆ ಮಾಡಿದಳು. ಹೋದ ವರ್ಷ ಆಂಟಿ ತೀರಿಕೊಂಡರು. ತಿಥಿಗೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ಹಳೆಯ ಹೆಂಗಸರು ಬಿಡಲಿಲ್ಲ, ನಿಮ್ಮಮ್ಮ ಆ ಬಾಡಿಗೆ ದುಡ್ಡೆಲ್ಲಾ ನಿನ್ನ ಹೆಸರಲ್ಲೇ ಇಟ್ಟಿರ್ಬೇಕಲ್ಲ ಅಂತ ಕೆದಕಿದರು. ಅವಳು ಅಳುತ್ತಿದ್ದವಳು ನಕ್ಕುಬಿಟ್ಟಳು. "ಒಂದು ರೂಪಾಯಿನೂ ಇಲ್ಲ ಕಣ್ರೀ. ಮಿಷನ್ ಬೆಲ್ಟು, ಕಣ್ಣಿನ ಆಪರೇಷನ್ನು, ಧರ್ಮಸ್ಥಳ, ತಿರುಪತಿ. ಎಲ್ಲಾ ಅವಳೇ ಖರ್ಚು ಮಾಡ್ಬುಟ್ಟು ಹೋದ್ಲು." ಹೆಂಗಸರ ಮುಖ ನೋಡಬೇಕಿತ್ತು.

ಊಟವಾದ ಮೇಲೆ ಎಲೆ ಅಡಿಕೆ ಕೊಡಲು ಅವಳು ನನ್ನನ್ನು ಅಮ್ಮನ ಕೋಣೆಯ ಕಡೆಗೆ ಕರೆದುಕೊಂಡು ಹೋದಳು. ಬಾಗಿಲು ಮುಚ್ಚಿತ್ತು. ಅವಳು ನಿಂತು, ಎರಡು ಸಲ ತಟ್ಟಿದಳು. ಒಳಗೆ ಯಾರಿದ್ದಾರೆ ತಟ್ಟೋಕೆ? ಆದರೂ ತಟ್ಟಿ, ಒಂದು ಗಳಿಗೆ ಕಾದಳು. ಆಮೇಲೆ ಹಣೆಯನ್ನು ಬಾಗಿಲಿಗೆ ಒತ್ತಿಕೊಂಡು ಅತ್ತಳು. ನಾನು ಅವಳ ಬೆನ್ನು ಸವರಿದೆ. ಸವರುತ್ತಲೇ, ದೇವರಾಣೆಗೂ ಹೇಳುತ್ತೇನೆ, ನನಗೆ ಹೊಟ್ಟೆ ಉರಿಯಿತು. ನನ್ನ ಅಪ್ಪ ಅಮ್ಮ ಹೋದಾಗಲೂ ನಾನು ಬಹಳ ಅತ್ತಿದ್ದೇನೆ. ಆದರೆ ಹೀಗೆ ತಟ್ಟಿ ಅಳುವುದಕ್ಕೆ ನನಗೊಂದು ಬಾಗಿಲಿರಲಿಲ್ಲ.

ಇವತ್ತಿನ ಮೆಸೇಜು ಇಷ್ಟೇ. ನನ್ನ ಮಗಳಿಗೆ ಮೊದಲ ಸಂಬಳ ಬಂದಿದೆ. ಒಳಗೆ ತನ್ನ ಕೋಣೆಯಲ್ಲಿ ಕೂತೇ ಅಷ್ಟನ್ನೂ ನನ್ನ ಅಕೌಂಟಿಗೆ ಹಾಕಿದ್ದಾಳೆ. "ಅಮ್ಮ, ಎಲ್ಲಾ ನಿಂಗೇ" ಅಂತ ಬರೆದು ಪಕ್ಕದಲ್ಲಿ ಎರಡು ಹೃದಯ. ಯಜಮಾನರಿಗೆ ತೋರಿಸಿದೆ. ಹಿಗ್ಗಿಹೋದರು, ನಮ್ಮ ಕಂದ ಅಂದರು. ಫೋನನ್ನು ಕಣ್ಣಿಗೊತ್ತಿಕೊಳ್ಳುವುದೊಂದು ಬಾಕಿ. ಅವಳ ಹತ್ರ ಬಾಡಿಗೆ ಮಾತ್ರ ತಗೊಂಡು ಉಳಿದದ್ದು ವಾಪಸು ಹಾಕ್ತೀನಿ ಅಂದೆ. ನಿನಗೇನು ತಲೆ ಕೆಟ್ಟಿದೆಯೇನೇ ಅಂದರು. ಕೆಟ್ಟಿದೆ ರೀ, ಯಾವತ್ತೋ ಕೆಟ್ಟಿದೆ ಅಂದೆ.

ಸೀದ ಹಾಲನ್ನು ಒರೆಸಿ, ಮಿಕ್ಕಿದ್ದರಲ್ಲಿ ಕಾಫಿ ಮಾಡಿ, ಲೋಟ ಹಿಡಿದು ಅವಳ ಕೋಣೆಗೆ ಹೋದೆ. ಎಂದೂ ತಳ್ಳಿಕೊಂಡೇ ಹೋಗುವವಳು. ಕೈ ಎತ್ತಿ ತಟ್ಟಿದೆ.

"ಯಾರು?" ಅಂದಳು ಒಳಗಿನಿಂದ.

ಈ ಮನೆಯಲ್ಲೇ ಹುಟ್ಟಿ ಬೆಳೆದ ಹುಡುಗಿ. ಅವಳ ಬಾಗಿಲನ್ನು ಇದುವರೆಗೆ ನಾವ್ಯಾರೂ ತಟ್ಟಿರಲಿಲ್ಲ. ಹೊರಗಿನವರು ಬಂದರೇನೋ ಅಂದುಕೊಂಡಿರಬೇಕು. "ನಾನು ಕಣೇ. ಬಾಡಿಗೆ ವಿಷ್ಯ ಮಾತಾಡ್ಬೇಕಿತ್ತು, ಒಳಗೆ ಬರ್ಲಾ?" ಅಂದೆ. ಒಳಗೆ ಏನೋ ಎತ್ತಿಡುವ ಸದ್ದಾಯಿತು. ಆಮೇಲೆ, "ತಡಿಯಮ್ಮ" ಅಂದಳು.

ತಡೆದೆ. ಎಷ್ಟು ಬಾಡಿಗೆ ಹೇಳಬೇಕು ಅಂತ ಕೇಳೋಣವೆಂದರೆ ಮಿಲ್ ಆಂಟಿ ಇಲ್ಲ. ಲೋಟ ಕೈ ಸುಡುತ್ತಿತ್ತು. ಹೆತ್ತ ಮಗಳ ಮೇಲೂ ಹೊಟ್ಟೆ ಉರಿಯುತ್ತಿತ್ತು. ಆದರೂ ಅವಳು ಬಾ ಅನ್ನುವವರೆಗೆ ನಾನು ಬಾಗಿಲು ತಳ್ಳಲಿಲ್ಲ.